ಮೇಜಿನ ಮೇಲೊಂದು ಕಡಲು: ಯಾವ ತೊಟ್ಟಿ ಒಳ್ಳೆಯದು?

ಮಕ್ಕಳೇ, ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ನಮ್ಮ ಕಾಸರಗೋಡು ಜಿಲ್ಲೆಯ ಪಡುವಣ ಅಂಚಿನಲ್ಲಿ ಕಡಲಿದೆ. ಬಂಗುಡೆ, ಬೂತಾಯಿ, ಅಂಜಲ್ ಎಂದರೆ ನಿಮಗೆ ಹೊಸ ಹೆಸರುಗಳಲ್ಲ. ಆದರೆ ಈ ಮೀನುಗಳನ್ನು ನಾವು ನೋಡುವುದು ಹೆಚ್ಚಾಗಿ ಬುಟ್ಟಿಯಲ್ಲಿ, ಇಲ್ಲವೇ ಊಟದ ಬಟ್ಟಲಿನಲ್ಲಿ. ಕಡಲ ಮೀನು ನೀರೊಳಗೆ ಹೇಗೆ ಈಜುತ್ತದೆ, ಹೇಗೆ ತಿನ್ನುತ್ತದೆ, ಹೇಗೆ ಅಡಗಿಕೊಳ್ಳುತ್ತದೆ ಎಂದು ನೋಡುವ ಅವಕಾಶ ಸಿಗುವುದು ಕಡಿಮೆ. ಆದುದರಿಂದಲೇ "ನಮ್ಮ ತರಗತಿಯಲ್ಲೂ ಒಂದು ಉಪ್ಪುನೀರಿನ ಅಕ್ವೇರಿಯಂ ಇಡೋಣವೇ?" ಎಂದು ಮಕ್ಕಳು ಕೇಳುವುದುಂಟು. ಈ ಆಸೆ ಒಳ್ಳೆಯದು.

ಆದರೆ ಯಾವ ತೊಟ್ಟಿ ಬೇಕು? "ಮೊದಲ ಸಲ ಅಲ್ಲವೇ? ಎಲ್ಲಕ್ಕಿಂತ ಚಿಕ್ಕದನ್ನು ಕೊಳ್ಳೋಣ. ಮೇಜಿನ ಮೂಲೆಯಲ್ಲಿ ಕುಳಿತುಕೊಳ್ಳುತ್ತದೆ. ಬೆಲೆಯೂ ಕಡಿಮೆ, ಕೆಲಸವೂ ಕಡಿಮೆ" ಎಂದು ಹಲವರು ಹೇಳುತ್ತಾರೆ. ಬೆಲೆ ಕಡಿಮೆ ಎಂಬುದು ನಿಜ. ಕೆಲಸ ಕಡಿಮೆ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಉಪ್ಪುನೀರಿನ ತೊಟ್ಟಿ ಚಿಕ್ಕದಾದಷ್ಟೂ ಅದನ್ನು ನೋಡಿಕೊಳ್ಳುವುದು ಕಷ್ಟ. ಹೊಸದಾಗಿ ಕಲಿಯುವವರು ಎಲ್ಲಕ್ಕಿಂತ ಚಿಕ್ಕದನ್ನು ಆರಿಸಬಾರದು ಎಂಬುದೇ ನನ್ನ ಅಭಿಪ್ರಾಯ. ಯಾಕೆ ಎಂದು ಲೆಕ್ಕ ಹಾಕಿಯೇ ನೋಡೋಣ.

ಮೇಜಿನ ಮೇಲಿಡುವ ಪುಟ್ಟ ತೊಟ್ಟಿಯೊಂದು 25 ಸೆ.ಮೀ. ಉದ್ದ, 20 ಸೆ.ಮೀ. ಅಗಲ, 20 ಸೆ.ಮೀ. ಎತ್ತರ ಇದೆ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 10,000 ಘನ ಸೆ.ಮೀ. ಅಂದರೆ 10 ಲೀಟರ್ ನೀರು. ಇನ್ನೊಂದು ತೊಟ್ಟಿ ಎರಡು ಅಡಿ ಉದ್ದದ್ದು. ಅದರ ಅಳತೆ 60 ಸೆ.ಮೀ., 30 ಸೆ.ಮೀ., 30 ಸೆ.ಮೀ. ಗುಣಿಸಿದರೆ 54,000 ಘನ ಸೆ.ಮೀ. ಅಂದರೆ 54 ಲೀಟರ್. ಇದೂ ಮೇಜಿನ ಮೇಲೆ ಹಿಡಿಸುವ ಚಿಕ್ಕ ತೊಟ್ಟಿಯೇ. ಆದರೆ ಮೊದಲನೆಯದಕ್ಕಿಂತ ಇದರಲ್ಲಿ ಐದು ಪಟ್ಟಿಗೂ ಹೆಚ್ಚು ನೀರಿದೆ.

ನೀರು ಹೆಚ್ಚಿದ್ದರೆ ಏನು ಲಾಭ? ಒಂದು ಲೋಟ ಗಂಜಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಬಿದ್ದರೆ ಕುಡಿಯುವಾಗಲೇ ಮುಖ ಕಿವುಚುತ್ತೇವೆ. ಶಾಲೆಯ ಮಧ್ಯಾಹ್ನದ ಊಟದ ದೊಡ್ಡ ಪಾತ್ರೆಯ ಸಾರಿಗೆ ಅದೇ ಚಿಟಿಕೆ ಉಪ್ಪು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತೊಟ್ಟಿಯಲ್ಲಿಯೂ ಹಾಗೆಯೇ. ಯಾರೋ ಒಬ್ಬರು ಪ್ರೀತಿಯಿಂದ ಒಂದು ಚಿಟಿಕೆ ಆಹಾರ ಹೆಚ್ಚು ಹಾಕಿಬಿಡುತ್ತಾರೆ. ಮೀನು ತಿನ್ನದೆ ಬಿಟ್ಟ ಆಹಾರ ತಳದಲ್ಲಿ ಕೊಳೆಯುತ್ತದೆ. ಅದರಿಂದ ಬರುವ ವಿಷ 54 ಲೀಟರಿನಲ್ಲಿ ಹರಡಿಕೊಂಡರೆ ತೆಳುವಾಗುತ್ತದೆ. 10 ಲೀಟರಿನಲ್ಲಿಯಾದರೆ ಐದು ಪಟ್ಟು ದಟ್ಟವಾಗುತ್ತದೆ. ಬಿಸಿಲಿಗೂ ಪುಟ್ಟ ತೊಟ್ಟಿ ಬೇಗನೆ ಬಿಸಿಯಾಗುತ್ತದೆ. ದೊಡ್ಡ ನೀರು ನಿಧಾನವಾಗಿ ಬಿಸಿಯಾಗಿ ನಿಧಾನವಾಗಿ ತಣಿಯುತ್ತದೆ. ಕಲಿಯುವವರಿಂದ ತಪ್ಪುಗಳು ಆಗುವುದು ಸಹಜ. ಆ ತಪ್ಪನ್ನು ತಿದ್ದಿಕೊಳ್ಳಲು ದೊಡ್ಡ ತೊಟ್ಟಿ ನಮಗೆ ಒಂದೆರಡು ದಿನಗಳ ಸಮಯ ಕೊಡುತ್ತದೆ. ಪುಟ್ಟ ತೊಟ್ಟಿ ಕೊಡುವುದಿಲ್ಲ.

ಈಗ ಉಪ್ಪಿನ ವಿಷಯಕ್ಕೆ ಬರೋಣ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಉಪ್ಪಿನ ಗದ್ದೆಯಲ್ಲಿ ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುವುದನ್ನು ನೀವು ವಿಜ್ಞಾನ ಪಾಠದಲ್ಲಿ ಓದಿದ್ದೀರಿ. ತೊಟ್ಟಿಯಲ್ಲಿಯೂ ದಿನವೂ ಅದೇ ನಡೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ, ಉಳಿದ ನೀರು ಇನ್ನಷ್ಟು ಉಪ್ಪಾಗುತ್ತದೆ. ಹಾಗಾದರೆ ಇಳಿದ ನೀರನ್ನು ತುಂಬಲು ಉಪ್ಪುನೀರು ಹಾಕಬೇಕೋ, ಸಿಹಿನೀರೋ? ಉಪ್ಪುನೀರಿನ ತೊಟ್ಟಿಗೆ ಉಪ್ಪುನೀರೇ ಎಂದು ಹಲವರು ಥಟ್ಟನೆ ಉತ್ತರಿಸುತ್ತಾರೆ. ಸರಿಯಾದ ಉತ್ತರ ಸಿಹಿನೀರು. ಹೋದದ್ದು ನೀರು ಮಾತ್ರ. ಆದುದರಿಂದ ತುಂಬಬೇಕಾದದ್ದೂ ನೀರು ಮಾತ್ರ. ಗಾಜಿನ ಹೊರಗೆ ಒಂದು ಗೆರೆ ಎಳೆದು, ನೀರು ಗೆರೆಗಿಂತ ಕೆಳಗಿಳಿದಾಗಲೆಲ್ಲ ಸಿಹಿನೀರನ್ನು ತುಂಬಬೇಕು. ಎರಡು ಅಡಿಯ ತೊಟ್ಟಿಯಲ್ಲಿ ನೀರು 1 ಸೆ.ಮೀ. ಇಳಿದರೆ ಎಷ್ಟು ಲೀಟರ್ ಕಡಿಮೆಯಾದಂತೆ? 60ನ್ನು 30ರಿಂದ ಗುಣಿಸಿ ನೋಡಿ. 1,800 ಘನ ಸೆ.ಮೀ., ಅಂದರೆ 1.8 ಲೀಟರ್.

"ಕಡಲು ಹತ್ತಿರವೇ ಇದೆಯಲ್ಲ, ಕೊಡದಲ್ಲಿ ನೀರು ತಂದು ತುಂಬಿದರಾಯಿತು" ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಆದರೆ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ನಮ್ಮ ಕಡಲ ಬಣ್ಣ ಹೇಗಿರುತ್ತದೆ ಎಂದು ನೆನಪಿಸಿಕೊಳ್ಳಿ. ಚಂದ್ರಗಿರಿ, ಶಿರಿಯ, ಮೊಗ್ರಾಲ್, ಉಪ್ಪಳ ಹೊಳೆಗಳು ಮಳೆನೀರನ್ನೂ ಕೆಂಪು ಮಣ್ಣನ್ನೂ ತಂದು ಕಡಲಿಗೆ ಸುರಿಯುತ್ತವೆ. ಆಗ ದಡದ ಹತ್ತಿರದ ನೀರಿನಲ್ಲಿ ಉಪ್ಪು ಕಡಿಮೆ, ಕೆಸರು ಹೆಚ್ಚು. ದೋಣಿಗಳು ನಿಲ್ಲುವಲ್ಲಿ ಎಣ್ಣೆಯೂ ಸೇರಿರುತ್ತದೆ. ಇಂತಹ ನೀರು ತೊಟ್ಟಿಗೆ ಯೋಗ್ಯವಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕಡಲುಪ್ಪಿನ ಮಿಶ್ರಣವನ್ನು ಶುದ್ಧವಾದ ಸಿಹಿನೀರಿನಲ್ಲಿ ಕರಗಿಸುವುದು ಒಳ್ಳೆಯ ಉಪಾಯ. ನಳ್ಳಿ ನೀರಿಗೆ ಕ್ಲೋರಿನ್ ಸೇರಿಸಿದ್ದರೆ ಅದನ್ನು ಮೊದಲು ತೆಗೆಯಬೇಕು. ಅಡುಗೆಮನೆಯ ಉಪ್ಪನ್ನಂತೂ ಬಳಸಲೇಬಾರದು. ಅದು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಒಂದೇ. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವುಗಳ ಲವಣಗಳೂ ಇವೆ. ಮೀನಿಗೆ ಅವೆಲ್ಲವೂ ಬೇಕು. ಉಪ್ಪು ಸರಿಯಾಗಿದೆಯೇ ಎಂದು ನೋಡಲು ಹೈಡ್ರೋಮೀಟರ್ ಎಂಬ ಉಪಕರಣವಿದೆ. ಅದನ್ನು ನೀರಿನಲ್ಲಿ ತೇಲಿಸಿದಾಗ ಸುಮಾರು 1.025 ಎಂದು ತೋರಿಸಿದರೆ ನೀರು ಕಡಲಿನಷ್ಟೇ ಉಪ್ಪಾಗಿದೆ ಎಂದರ್ಥ.

ತೊಟ್ಟಿಯನ್ನು ಇಡುವ ಮೇಜೂ ಗಟ್ಟಿಯಾಗಿರಬೇಕು. 54 ಲೀಟರ್ ಉಪ್ಪುನೀರು ಸುಮಾರು 55 ಕೆ.ಜಿ. ತೂಗುತ್ತದೆ. ಗಾಜು, ಹೊಯ್ಗೆ, ಕಲ್ಲು ಸೇರಿದರೆ 50 ಕೆ.ಜಿ.ಯ ಅಕ್ಕಿ ಚೀಲಕ್ಕಿಂತ ಸಾಕಷ್ಟು ಹೆಚ್ಚು ಭಾರ. ಕಾಲು ಅಲುಗಾಡುವ ಬೆಂಚಿನ ಮೇಲೆ ಇದನ್ನು ಇಡುವಂತಿಲ್ಲ. ಬಿಸಿಲು ಬೀಳುವ ಕಿಟಕಿಯ ಬಳಿಯೂ ಬೇಡ. ಅಲ್ಲಿ ನೀರು ಬಿಸಿಯಾಗುವುದಲ್ಲದೆ ಗಾಜಿಗೆ ಪಾಚಿ ಹಿಡಿಯುತ್ತದೆ. ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಮೀನಿಗೆ ಹಿತ. ತಣ್ಣನೆಯ ಊರುಗಳಲ್ಲಿ ತೊಟ್ಟಿಯ ನೀರನ್ನು ಬೆಚ್ಚಗಿಡಲು ಹೀಟರ್ ಬೇಕಾಗುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ನೀರನ್ನು ತಂಪಾಗಿಡುವುದೇ ದೊಡ್ಡ ಕೆಲಸ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನೀರಿಗೆ ಗಾಳಿ ಸೇರುವುದು ಕಡಿಮೆಯಾಗುತ್ತದೆ. ಅದಕ್ಕಾಗಿ ಬ್ಯಾಟರಿಯಿಂದ ನಡೆಯುವ ಒಂದು ಪುಟ್ಟ ಗಾಳಿ ಪಂಪನ್ನು ಮೊದಲೇ ತಂದಿಟ್ಟುಕೊಳ್ಳಬೇಕು.

ತೊಟ್ಟಿ ಬಂತು, ನೀರು ತುಂಬಿತು. ಮೀನನ್ನು ಅಂದೇ ಬಿಡಬಹುದೇ? ಬಿಡಬಾರದು. ಮೀನಿನ ಮಲದಿಂದಲೂ ಉಸಿರಾಟದಿಂದಲೂ ಅಮೋನಿಯಾ ಎಂಬ ವಿಷ ನೀರಿಗೆ ಸೇರುತ್ತದೆ. ಕಡಲು ವಿಶಾಲವಾದುದರಿಂದ ಅಲ್ಲಿ ಅದು ಲೆಕ್ಕಕ್ಕಿಲ್ಲ. ತೊಟ್ಟಿಯಲ್ಲಿ ಅದನ್ನು ಕಳೆಯಬೇಕಾದವರು ಬೇರೆಯೇ ಇದ್ದಾರೆ. ಅವರೇ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾಡುತ್ತದೆ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತದೆ. ನೈಟ್ರೇಟಿನಿಂದ ಅಷ್ಟು ಬೇಗ ಅಪಾಯವಿಲ್ಲ. ವಾರಕ್ಕೊಮ್ಮೆ 5 ಲೀಟರಿನಷ್ಟು ಹಳೆಯ ನೀರನ್ನು ತೆಗೆದು ಹೊಸ ಉಪ್ಪುನೀರನ್ನು ಹಾಕಿದರೆ ಅದೂ ಕಡಿಮೆಯಾಗುತ್ತದೆ. ಆ 5 ಲೀಟರಿಗೆ ಸುಮಾರು ಎಷ್ಟು ಗ್ರಾಂ ಕಡಲುಪ್ಪು ಬೇಕು? ಈ ಲೆಕ್ಕವನ್ನು ನೀವೇ ಮಾಡಿ.

ಈ ಬ್ಯಾಕ್ಟೀರಿಯಾಗಳು ಹೊಯ್ಗೆಯಲ್ಲಿ, ಕಲ್ಲಿನಲ್ಲಿ, ನೀರು ಶುದ್ಧಿಮಾಡುವ ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಮೊಸರಾಗುವವರೆಗೆ ನಾವು ಪಾತ್ರೆಯನ್ನು ಅಲುಗಾಡಿಸದೆ ಕಾಯುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ ಕಾಯಬೇಕು. ಈ ವಾರಗಳಲ್ಲಿ ಮೀನಿಲ್ಲದ ತೊಟ್ಟಿಗೆ ಚೂರು ಆಹಾರ ಹಾಕುತ್ತಾ, ನೀರನ್ನು ಪರೀಕ್ಷಿಸುವ ಕಿಟ್ಟಿನಿಂದ ಅಳೆಯುತ್ತಾ ಇರಬೇಕು. ಅಮೋನಿಯಾ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಅನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದ ಮೇಲೆಯೇ ಮೀನು ತರಬೇಕು. ಖಾಲಿ ತೊಟ್ಟಿಯನ್ನು ಆರು ವಾರ ನೋಡುತ್ತಾ ಕುಳಿತರೆ ಬೇಸರ ಎಂದು ಕೆಲವರು ಹೇಳಬಹುದು. ನನಗೆ ಹಾಗನಿಸುವುದಿಲ್ಲ. ದಿನವೂ ಅಳೆದು ಗೋಡೆಯ ಮೇಲೆ ನಕ್ಷೆ ಬರೆದರೆ, ಕಾಣದ ಜೀವಿಗಳ ಕೆಲಸ ಕಾಣುವಂತಾಗುತ್ತದೆ. ಇಡೀ ಅಕ್ವೇರಿಯಂನಲ್ಲಿ ಕಲಿಯಲು ಇದಕ್ಕಿಂತ ದೊಡ್ಡ ಪಾಠವಿಲ್ಲ.

ಇನ್ನು ಯಾವ ಮೀನು? 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಎಂಬ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದರಲ್ಲಿ ಕಿತ್ತಳೆ ಬಣ್ಣದ ಮೈಮೇಲೆ ಬಿಳಿ ಪಟ್ಟೆಗಳಿರುವ ಕ್ಲೌನ್ ಮೀನೂ ನೀಲಿ ಬಣ್ಣದ ಟ್ಯಾಂಗ್ ಮೀನೂ ಇವೆ. ಎರಡನ್ನೂ ತರೋಣ ಎಂದು ಮಕ್ಕಳು ಕೇಳುತ್ತಾರೆ. ನೀಲಿ ಟ್ಯಾಂಗ್ ಬೆಳೆದರೆ ಸುಮಾರು 30 ಸೆ.ಮೀ. ಆಗುತ್ತದೆ. ನಮ್ಮ ತೊಟ್ಟಿಯ ಅಗಲ ಎಷ್ಟು? ಅದೂ 30 ಸೆ.ಮೀ.! ಮೀನು ತಿರುಗಲು ಕೂಡ ಜಾಗವಿಲ್ಲ. ಆದುದರಿಂದ ಅಂಗಡಿಯಲ್ಲಿ ಮರಿಯನ್ನು ನೋಡಿ ಆರಿಸಬಾರದು. ಅದು ದೊಡ್ಡದಾದಾಗ ಎಷ್ಟು ಬೆಳೆಯುತ್ತದೆ ಎಂದು ಕೇಳಿ ಆರಿಸಬೇಕು. ನೀಲಿ ಬಣ್ಣದ ಪುಟ್ಟ ಡ್ಯಾಮ್ಸೆಲ್ ಮೀನುಗಳು ಗಟ್ಟಿಮುಟ್ಟಾದವು, ಬೆಲೆಯೂ ಕಡಿಮೆ. ಆದರೆ ಅವು ಬೆಳೆದಂತೆ ಜೊತೆಯ ಮೀನುಗಳನ್ನು ಕಚ್ಚಿ ಓಡಿಸುತ್ತವೆ.

ಎರಡು ಅಡಿಯ ತೊಟ್ಟಿಗೆ ಒಂದು ಜೋಡಿ ಕ್ಲೌನ್ ಮೀನು ಸಾಕು. ಅವು ದೊಡ್ಡ ಜಾಗ ಕೇಳುವುದಿಲ್ಲ. ಕಡಲಲ್ಲಿಯೂ ಹೂವಿನಂತೆ ಕಾಣುವ ಅನಿಮೋನ್ ಎಂಬ ಪ್ರಾಣಿಯ ಸುತ್ತಮುತ್ತಲೇ ಬದುಕುತ್ತವೆ. ತೊಟ್ಟಿಯಲ್ಲಿ ಅನಿಮೋನ್ ಇಲ್ಲದಿದ್ದರೂ ಅವು ಚೆನ್ನಾಗಿರುತ್ತವೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಮೀನು ರೆಕ್ಕೆ ಬೀಸಿ ಗಾಳಿ ಕೊಡುತ್ತಾ ಮೊಟ್ಟೆಗಳನ್ನು ಕಾಯುತ್ತದೆ. ಇದನ್ನು ತರಗತಿಯಲ್ಲೇ ನೋಡುವ ಅದೃಷ್ಟವೂ ಸಿಗಬಹುದು.

ಕ್ಲೌನ್ ಮೀನನ್ನು ನಾನು ಆರಿಸಲು ಇನ್ನೊಂದು ದೊಡ್ಡ ಕಾರಣವಿದೆ. ಅಂಗಡಿಗಳಲ್ಲಿ ಕಾಣುವ ಗಪ್ಪಿ, ಗೋಲ್ಡ್‌ಫಿಶ್ ಮೊದಲಾದ ಸಿಹಿನೀರಿನ ಮೀನುಗಳನ್ನು ಹೆಚ್ಚಾಗಿ ಕೊಳಗಳಲ್ಲಿ ಸಾಕಿ ಬೆಳೆಸುತ್ತಾರೆ. ಉಪ್ಪುನೀರಿನ ಬಣ್ಣದ ಮೀನುಗಳ ವಿಷಯ ಹಾಗಲ್ಲ. ಅವುಗಳಲ್ಲಿ ಹೆಚ್ಚಿನ ಜಾತಿಗಳನ್ನು ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳ ಕೆಲವೆಡೆ ಮೀನಿಗೆ ಮತ್ತು ಬರಿಸಲು ಸಯನೈಡ್ ಎಂಬ ವಿಷವನ್ನು ನೀರಿಗೆ ಬಿಟ್ಟದ್ದೂ ಉಂಟು. ಅದರಿಂದ ಸುತ್ತಲಿನ ಹವಳವೂ ಸಾಯುತ್ತದೆ. ಕ್ಲೌನ್ ಮೀನನ್ನು ಹೀಗೆ ಕಡಲಿನಿಂದ ಕಿತ್ತು ತರಬೇಕಾಗಿಲ್ಲ. ಅದನ್ನು ತೊಟ್ಟಿಯಲ್ಲೇ ಮರಿಮಾಡಿಸಿ ಬೆಳೆಸುವ ವಿಧಾನವನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. 1947ರಲ್ಲಿ ಆರಂಭವಾಗಿ, ಈಗ ಕೊಚ್ಚಿಯಲ್ಲಿ ಪ್ರಧಾನ ಕಚೇರಿಯುಳ್ಳ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಈ ಕೆಲಸದಲ್ಲಿ ಯಶಸ್ವಿಯಾಗಿದೆ. ಆದುದರಿಂದ ಅಂಗಡಿಯವರೊಡನೆ ಬೆಲೆ ಕೇಳುವ ಮೊದಲು "ಅಣ್ಣಾ, ಈ ಮೀನು ಸಾಕಿ ಬೆಳೆಸಿದ್ದೋ, ಕಡಲಿನಿಂದ ಹಿಡಿದದ್ದೋ?" ಎಂದು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಬರಿಗೈಯಲ್ಲಿ ಬನ್ನಿ.

ತೊಟ್ಟಿಯ ಚಂದಕ್ಕೆಂದು ಹವಳದ ಕಲ್ಲನ್ನೋ ಕಡಲುಕುದುರೆಯನ್ನೋ ತರುವ ಯೋಚನೆಯೂ ಬೇಡ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಇದೆ. 2001ರಲ್ಲಿ ಕಡಲುಕುದುರೆಯನ್ನೂ ದಿಬ್ಬ ಕಟ್ಟುವ ಹವಳಗಳನ್ನೂ ಆ ಕಾನೂನಿನ ರಕ್ಷಣೆಗೆ ಸೇರಿಸಿದರು. ಅವುಗಳನ್ನು ಕಡಲಿನಿಂದ ತೆಗೆಯುವುದು, ಮಾರುವುದು ಅಪರಾಧ.

ಆಸೆಯಿಂದಲೂ ಕಡಲಿಗೆ ಹಾನಿಯಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಜನರು ನೋಡಲೆಂದು ಅಕ್ವೇರಿಯಂ ತೆರೆದರು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿ ಅಕ್ವೇರಿಯಂ ಕುರಿತು ಒಂದು ಪುಸ್ತಕ ಬರೆದರು. ಅವರು ಕಡಲ ಜೀವಿಗಳನ್ನು ಬಹಳ ಪ್ರೀತಿಸುತ್ತಿದ್ದರು. ಓದಿದ ಜನರಿಗೂ ಆ ಪ್ರೀತಿ ಹತ್ತಿತು. ಅವರು ಗುಂಪುಗುಂಪಾಗಿ ಇಂಗ್ಲೆಂಡಿನ ಕಡಲ ದಡಕ್ಕೆ ಹೋಗಿ, ಬಂಡೆಗಳ ನಡುವಿನ ಹೊಂಡಗಳಿಂದ ಅನಿಮೋನ್, ಏಡಿ, ಚಿಪ್ಪಿನ ಹುಳುಗಳನ್ನು ಹೆಕ್ಕಿ ಮನೆಗೆ ತಂದರು. ಹೊಂಡಗಳು ಬರಿದಾದವು. ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ನೋವಿನಿಂದ ನೆನೆದಿದ್ದಾರೆ. ಆ ಜನರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಒಬ್ಬೊಬ್ಬರು ಒಂದೊಂದೇ ತಂದರು ಅಷ್ಟೆ.

ತರುವುದರಲ್ಲಿ ಮಾತ್ರವಲ್ಲ, ಬಿಡುವುದರಲ್ಲಿಯೂ ಎಚ್ಚರ ಬೇಕು. "ಸಾಕಿ ಸಾಕಾಯಿತು, ಕಡಲಿಗೇ ಬಿಟ್ಟುಬಿಡೋಣ, ಪಾಪ" ಎಂದು ಎಂದೂ ಮಾಡಬಾರದು. ಲಯನ್ ಫಿಶ್ ಎಂಬ ವಿಷಮುಳ್ಳಿನ ಮೀನು ಹಿಂದೂ ಮಹಾಸಾಗರ ಮತ್ತು ಶಾಂತ ಸಾಗರದ ನಿವಾಸಿ. 1985ರಲ್ಲಿ ಅದು ಅಮೆರಿಕದ ಫ್ಲಾರಿಡಾದ ಕಡಲಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂ ಸಾಕುವವರು ಬಿಟ್ಟದ್ದರಿಂದಲೇ ಹೀಗಾಗಿರಬೇಕು ಎಂದು ವಿಜ್ಞಾನಿಗಳು ಹೇಳುತ್ತಾರೆ. ಇಂದು ಅದು ಕೆರಿಬಿಯನ್ ಕಡಲಿನ ತುಂಬ ಹರಡಿ ಅಲ್ಲಿನ ಮರಿಮೀನುಗಳನ್ನು ತಿಂದುಹಾಕುತ್ತಿದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ರಜೆಯಲ್ಲಿ ಮೀನನ್ನು ನೋಡಿಕೊಳ್ಳುವವರು ಯಾರು? ಓಣಂಗೆ ರಜೆ, ಕ್ರಿಸ್‌ಮಸ್‌ಗೆ ರಜೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಬೇಸಿಗೆ ರಜೆ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ, ನೀವು ಕುಣಿದಾಡುತ್ತೀರಿ. ಮೀನಿಗೆ ರಜೆ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಕ್ಲೌನ್ ಮೀನು ತೊಟ್ಟಿಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಐದನೆಯ ತರಗತಿಯಲ್ಲಿ ನೀವು ತಂದ ಮೀನು ನೀವು ಕಾಲೇಜಿನಲ್ಲಿ ಓದುವಾಗಲೂ ಇದೇ ತರಗತಿಯಲ್ಲಿ ಈಜುತ್ತಿರಬಹುದು. ಆಗ ಅದಕ್ಕೆ ಆಹಾರ ಹಾಕುವವರು ಈಗ ಅಂಗನವಾಡಿಯಲ್ಲಿರುವ ಪುಟಾಣಿಗಳು. ಇದು ಒಂದು ತರಗತಿಯ ಆಟಿಕೆಯಲ್ಲ, ಇಡೀ ಶಾಲೆ ಹೊರಬೇಕಾದ ಹೊಣೆ. ಶಾಲೆಯ ಹತ್ತಿರ ಮನೆಯಿರುವ ಇಬ್ಬರು ದೊಡ್ಡವರಾದರೂ ರಜೆಯಲ್ಲಿ ಬಂದು ನೋಡಲು ಒಪ್ಪಬೇಕು. ಒಪ್ಪುವವರು ಸಿಗದಿದ್ದರೆ ತೊಟ್ಟಿಯೇ ಬೇಡ ಎಂದು ನಾನು ಹೇಳುತ್ತೇನೆ.

ತೊಟ್ಟಿ ಬೇಡವೆಂದರೆ ಕಡಲ ಜೀವಿಗಳನ್ನು ನೋಡುವ ಆಸೆಯನ್ನು ಬಿಡಬೇಕಾಗಿಲ್ಲ. ಕಡಲು ಇಳಿದ ಹೊತ್ತಿನಲ್ಲಿ ಟೀಚರ್ ಜೊತೆಗೆ ದಡಕ್ಕೆ ಹೋದರೆ, ಬಂಡೆಗಳ ನಡುವೆ ನಿಂತ ನೀರಿನಲ್ಲಿ ಪುಟ್ಟ ಮೀನು, ಏಡಿ, ಚಿಪ್ಪಿನ ಹುಳುಗಳನ್ನು ಕಾಣಬಹುದು. ನೋಡಿ, ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳಿ. ಅವುಗಳನ್ನು ಅಲ್ಲಿಯೇ ಬಿಟ್ಟು ಬನ್ನಿ. ಇಂಗ್ಲೆಂಡಿನ ಹೊಂಡಗಳಿಗೆ ಆದದ್ದು ನಮ್ಮ ಹೊಂಡಗಳಿಗೆ ಆಗಬಾರದು.

ಹಾಗಾದರೆ ನನ್ನ ಆಯ್ಕೆ ಯಾವುದು? ನೋಡಿಕೊಳ್ಳುವವರು ಇದ್ದರೆ ಎರಡು ಅಡಿಯ ತೊಟ್ಟಿ, ಗಟ್ಟಿಯಾದ ಮೇಜು, ಆರು ವಾರಗಳ ಕಾಯುವಿಕೆ, ಸಾಕಿ ಬೆಳೆಸಿದ ಒಂದು ಜೋಡಿ ಕ್ಲೌನ್ ಮೀನು. ಅಷ್ಟಕ್ಕೆ ಹಣ ಸಾಲದಿದ್ದರೆ 10 ಲೀಟರಿನ ಪುಟ್ಟ ತೊಟ್ಟಿಯನ್ನು ಕೊಳ್ಳುವುದಕ್ಕಿಂತ ಹಣ ಕೂಡಿಡುತ್ತಾ ಮುಂದಿನ ವರ್ಷಕ್ಕೆ ಕಾಯುವುದೇ ಮೇಲು. ಇದು ನನ್ನ ಅಭಿಪ್ರಾಯ. ನೀವು ಇದನ್ನು ಒಪ್ಪಲೇಬೇಕೆಂದಿಲ್ಲ. "ಕಡಲ ಮೀನನ್ನು ಗಾಜಿನೊಳಗೆ ಇಡುವುದೇ ತಪ್ಪು" ಎನ್ನುವವರೂ ನಿಮ್ಮಲ್ಲಿ ಇರಬಹುದು. ಅವರ ಮಾತಿನಲ್ಲಿಯೂ ಸತ್ಯವಿದೆ. ತರಗತಿಯಲ್ಲಿ ಎರಡು ಗುಂಪು ಮಾಡಿ ಚರ್ಚಿಸಿ. ನಿಮ್ಮ ಶಾಲೆಗೆ ತೊಟ್ಟಿ ಬೇಕೇ, ಬೇಡವೇ, ಬೇಕಾದರೆ ಎಷ್ಟು ದೊಡ್ಡದು ಬೇಕು ಎಂದು ಕಾರಣಗಳೊಡನೆ ಬರೆಯಿರಿ.